ವಿಳಂಬಕ್ಕೆ ಕಾರಣ

ನಾನು ಠಾಣೆಯ ರೈಟರು.
ಮಗಳು ಶಾಲೆಯ ಅರ್ಜಿಯಲ್ಲಿ ಹಾಗೇ ತುಂಬಿದಾಗ
ಮಿಸ್ಸು ಕೇಳಿದರಂತೆ: ಯಾವ ಪುಸ್ತಕ ಬರೆದಿದ್ದಾರೆ?
ಉದ್ದದ್ದು ಮಿಸ್, ಕೆಂಪು ರಟ್ಟು, ತುಂಬ ಭಾರ
ಅಂದಳಂತೆ.

ಡಿಸೆಂಬರ್ ಕೊನೆಗೆ ಒಂದು ತಖ್ತೆ ಕಳಿಸಬೇಕು.
ಕಳೆದ ವರ್ಷ, ಈ ವರ್ಷ, ಹೆಚ್ಚಳ, ಇಳಿಕೆ.
ಸರಗಳ್ಳತನ: ಹತ್ತೊಂಬತ್ತಿದ್ದದ್ದು ಹನ್ನೊಂದು.
ಗಸ್ತಿನ ಫಲ, ಎನ್ನುತ್ತಾರೆ ಸಾಹೇಬರು, ಮೀಸೆ ನೇವರಿಸಿ.
ನನಗೆ ಕಾಣುವುದು ಕೆಂಪಾಜಮ್ಮನ ಕೊರಳು.
ಎರಡೆಳೆ ಹೋದ ಮೇಲೆ ಅಲ್ಲಿ ಅರಿಶಿನದ ದಾರ,
ಅವಳ ಓಣಿಯ ಸೊಸೆಯಂದಿರಿಗೂ ಅದೇ ದಾರ,
ಬಂಗಾರ ಬ್ಯಾಂಕಿನಲ್ಲಿ, ಅಡವು ಅಥವಾ ಲಾಕರು.
ಕಸಿಯಲು ಏನೂ ಉಳಿಯದಿದ್ದರೆ
ನಮ್ಮ ತಖ್ತೆ ಅದನ್ನು ಇಳಿಕೆ ಎನ್ನುತ್ತದೆ.

ಭಾನುವಾರ ಸಹಿ ಹಾಕಲು ಬರುತ್ತಾನೆ ಹೆಂಚ್ ಸಣ್ಣಪ್ಪ,
ಹಳೆಯ ಎಂ.ಓ.ಬಿ. ಆಸಾಮಿ, ಎಪ್ಪತ್ತು ದಾಟಿದೆ, ಮಂಡಿ ಸವೆದಿದೆ.
ಸಹಿ ಕಲಿತದ್ದು ಜೈಲಿನಲ್ಲಿ. ಅಕ್ಷರ ನನಗಿಂತ ದುಂಡಗೆ.
ಬೆಳೆ ವಿಚಾರಿಸುವವನ ಹಾಗೆ ಕೇಳುತ್ತಾನೆ:
"ಈ ವರ್ಸ ನಮ್ದು ಹೆಂಗದೆ ಸಾ?"
"ಮನೆಗಳವಾ? ಬಿದ್ದೋಗದೆ ಕಣಯ್ಯ. ನಲವತ್ತಕ್ಕೆ ಇಪ್ಪತ್ತೇಳು."
"ಬೀಳ್ದೆ ಇನ್ನೇನ್ ಸಾ. ಹೆಂಚೆಲ್ಲವೆ ಊರಲ್ಲಿ? ಎಲ್ಲಾ ಆರ್‌ಸಿಸಿ.
ಬೆಕ್ಕಿನಂಗೆ ಮಾಡ್ ಮೇಲೆ ನಡಿಯಕ್ಕೆ
ಈಗಿನ್ ಹುಡುಗ್ರಿಗೆ ಎಲ್ ಬತ್ತದೆ?"
ನಿಟ್ಟುಸಿರು ಬಿಟ್ಟು, ಗೋಡೆ ಹಿಡಿದು, ಮೂರು ಮೆಟ್ಟಿಲು ಇಳಿಯುತ್ತಾನೆ.

ಏರಿದ್ದು ಸೈಬರ್ ಒಂದೇ.
ಸರಸ್ವತಿಪುರದ ನಿವೃತ್ತ ಮೇಷ್ಟ್ರು
ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು
ಫೋನಿಗೆ ಆರು ಅಂಕಿ ಹೇಳಿದರು,
ಒಂದೊಂದೇ, ಸ್ಪಷ್ಟವಾಗಿ, ಉಕ್ತಲೇಖನ ಕೊಟ್ಟಂತೆ.
ಒಂಬತ್ತು ಲಕ್ಷ.
ನಾಯಿಗೆ ಮೂಸಲು ಏನು ಕೊಡಲಿ?
ಕೃತ್ಯದ ಸ್ಥಳ ಎಂಬಲ್ಲಿ ಅಡಿಗೆಮನೆ ಎಂದು ಬರೆದೆ,
ಹೊಡೆದುಹಾಕಿದೆ.

ಬೆಂಚಿನ ಮೇಲೆ ಪುಟ್ಟಮಾದು.
ಇಪ್ಪತ್ತೆಂಟರ ಬೆಳಗಿನ ಜಾವ, ಮಾರ್ಕೆಟ್ಟಿನ ಹಿಂದೆ
ಕಾಕಡದ ಮೂಟೆ ಇಳಿಸಿ ತಿರುಗುವಷ್ಟರಲ್ಲಿ
ಎಕ್ಸೆಲ್ ಗಾಡಿ ಮಾಯ.
ಬೈಕು ಕಳವು ಈಗ ಎಪ್ಪತ್ತೊಂಬತ್ತು.
ಕಳೆದ ವರ್ಷವೂ ಎಪ್ಪತ್ತೊಂಬತ್ತು.
"ಒಂದನೇ ತಾರೀಕು ಬರಕ್ಕೇಳಿ,"
ಸಾಹೇಬರು, ಬಾಗಿಲ ಸಂದಿಯಿಂದ.
ಹೇಳಿದೆ. ಹೂಂ ಅಂದ. ಮಾರನೆ ದಿನ ಮತ್ತೆ ಬಂದ,
ಅದರ ಮಾರನೆಯೂ,
ತಲೆಮೇಲೆ ಕುಕ್ಕೆ ಹೊತ್ತು, ಮೂರು ಮೈಲಿ ನಡೆದು.
ಮೂವತ್ತೊಂದರ ರಾತ್ರಿ ಇಲ್ಲೇ ಕೂತ.
ದೊಡ್ಡ ಗಡಿಯಾರದ ಕಡೆಯಿಂದ ಪಟಾಕಿ, ಹುಡುಗರ ಕೇಕೆ;
ಅವನಿಗೂ ನನಗೂ ಒಂದೊಂದು ಟೀ.

ಬೆಳಿಗ್ಗೆ ಹೊಸ ಪುಸ್ತಕ ಬಿಚ್ಚಿದೆ. ಗೋಂದಿನ ವಾಸನೆ.
ಮೊಕದ್ದಮೆ ನಂಬರು ಒಂದು.
"ನಿನ್ನೆ ರಾತ್ರಿ ಹೋಯ್ತು ಅನ್ನು ಮಾದು, ಸಲೀಸಾಗ್ತದೆ."
"ನಿನ್ನೆ ರಾತ್ರಿ ನಾ ಇಲ್ಲೇ ಇದ್ನಲ್ಲ ಸಾ.
ನೀವೇ ಟೀ ಕೊಡಿಸ್ದ್ರಿ."

ಇದ್ದ ತಾರೀಕನ್ನೇ ಬರೆದೆ.
ಆದರೆ ಕೆಳಗೊಂದು ಕಲಂ ಇದೆ, ಖಾಲಿ ಬಿಡುವಂತಿಲ್ಲ:
ವಿಳಂಬಕ್ಕೆ ಕಾರಣ.
ಫ್ಯಾನು ತಿರುಗಿತು. ಹೊರಗೆ ಯಾರೋ ಸಾಹೇಬರಿಗೆ
ಹ್ಯಾಪಿ ನ್ಯೂ ಇಯರ್ ಹೇಳಿದರು.
ಹದಿನೇಳು ವರ್ಷದ ರೂಢಿ, ಕೈ ತಾನೇ ಹರಿಯಿತು:
ಪಿರ್ಯಾದಿಯು ತಾನೇ ಎಲ್ಲ ಕಡೆ ಹುಡುಕಾಡಿ
ಠಾಣೆಗೆ ತಡವಾಗಿ ಬಂದಿರುತ್ತಾನೆ.

ಓದಿ ಹೇಳಿದೆ. ತಲೆಯಾಡಿಸಿದ.
ಬಾಳೆನಾರಿನ ಕರೆ ಹಿಡಿದ ಬೆರಳಲ್ಲಿ
ಹೆಸರು ಗೀಚಿ, ಹಾಳೆಯ ನೆತ್ತಿಯ ಅಂಕಿ ನೋಡಿದ.
"ಹೊಸಾ ವರ್ಸದ ಮೊದಲ್ನೇದು ನಂದೇನಾ ಸಾ?"
ಹೌದು ಅಂದೆ.
ಯಾಕೋ, ಖುಷಿಪಟ್ಟ.